ಐರಿಷ್ ಗ್ರಾಮವ್ಯವಸ್ಥೆಯಲ್ಲಿ ತೋರುಬೆರಳಿನ ಸ್ಥಾನ

ಪಶ್ಚಿಮ ಐರ್ಲೆಂಡಿನಲ್ಲಿ ಗ್ರಾಮವೆಂದರೆ ಒಂದು ಚರ್ಚು, ಒಂದು ಶಾಲೆ, ಒಂದು ಆಟದ ಮೈದಾನ ಮತ್ತು ಎರಡು ಪಬ್ಬುಗಳುಳ್ಳ ವಸತಿ. ಎರಡನೆಯ ಪಬ್ಬನ್ನು ದುಂದುವೆಚ್ಚವೆಂದು ಭಾವಿಸುವವರುಂಟು. ಈ ಅಭಿಪ್ರಾಯ ಪಕ್ವವಲ್ಲ. ಮೊದಲನೆಯ ಪಬ್ಬಿನಲ್ಲಿ ಕುಳಿತವರ ವಿಷಯವನ್ನು ಚರ್ಚಿಸಲು ಸ್ಥಳವೊಂದು ಬೇಕಾಗುತ್ತದೆ.

ಗ್ರಾಮದ ನಾಗರಿಕ ವ್ಯವಸ್ಥೆಯೆಲ್ಲ ವಾಹನ ಚಾಲಕನ ತೋರುಬೆರಳಿನ ಮೇಲೆ ನಿಂತಿದೆ. ಬೊರೀನ್ ಎಂಬ ಕಿರುದಾರಿಯಲ್ಲಿ ಎರಡು ವಾಹನಗಳು ಎದುರಾದಾಗ, ಕೈಯನ್ನು ಸ್ಟಿಯರಿಂಗ್‌ನಿಂದ ತೆಗೆಯದೆ ತೋರುಬೆರಳನ್ನು ಮಾತ್ರ ಎತ್ತಿ ಇಳಿಸುವುದು ಕ್ರಮ. ಇದು ಸಾಮಾನ್ಯ ವಂದನೆ. ಎರಡು ಬೆರಳು ಎದ್ದರೆ ಟ್ರ್ಯಾಕ್ಟರ್ ಎರವಲು ಪಡೆದ ಸಂಬಂಧವಿದೆಯೆಂದು ತಿಳಿಯಬೇಕು. ಇಡೀ ಹಸ್ತವನ್ನು ಬೀಸಿದವರು ಅಮೆರಿಕದಿಂದ ರಜೆಗೆ ಬಂದವರು. ತಲೆ ಮಾತ್ರ ಅಲ್ಲಾಡಿದರೆ ಬೇಲಿಯ ವ್ಯಾಜ್ಯ ನ್ಯಾಯಾಲಯದಲ್ಲಿದೆ. ಯಾವ ಚಲನೆಯೂ ಇಲ್ಲದಿದ್ದಲ್ಲಿ ಚಾಲಕನು ಪ್ರವಾಸಿಗನಾಗಿರಬೇಕು ಅಥವಾ ವೈದ್ಯರನ್ನು ಕರೆಸಬೇಕು.

ವಿಳಾಸದ ಪ್ರಶ್ನೆ ಇಷ್ಟು ಸರಳವಲ್ಲ. 2015ರವರೆಗೆ ಈ ದೇಶದಲ್ಲಿ ಮನೆಮನೆಗೂ ಸಂಕೇತವಿರಲಿಲ್ಲ. ಹಳ್ಳಿಗಾಡಿನಲ್ಲಿ ಹಲವು ಮನೆಗಳಿಗೆ ಒಂದೇ ವಿಳಾಸ, ಹಲವು ಕುಟುಂಬಗಳಿಗೆ ಒಂದೇ ಅಡ್ಡಹೆಸರು. ಅಂಚೆಯವನು ತಂದೆ, ತಾತ, ತಲೆಗೂದಲಿನ ಬಣ್ಣ ಇವುಗಳಿಂದ ಪತ್ರದ ವಾರಸುದಾರನನ್ನು ನಿರ್ಣಯಿಸುತ್ತಿದ್ದನು; ಬೋಳುತಲೆಯವರ ಪತ್ರಗಳು ತಡವಾಗುತ್ತಿದ್ದವು. ಆ ವರ್ಷ ಏಳು ಅಕ್ಷರ-ಅಂಕಿಗಳ ಐರ್‌ಕೋಡ್ ಬಂದು ಪ್ರತಿ ಮನೆಗೂ ಪ್ರತ್ಯೇಕ ಗುರುತು ದೊರೆಯಿತು. ದಾರಿ ಕೇಳಿದವರಿಗೆ ಮಾತ್ರ ಹಿಂದೆ ಹಾಲಿನ ಡೈರಿ ಇದ್ದ ಕಡೆ ಎಡಕ್ಕೆ ತಿರುಗಲು ಈಗಲೂ ಸೂಚಿಸಲಾಗುತ್ತದೆ. ಡೈರಿ ಇಲ್ಲದಿರುವುದು ಮಾರ್ಗದರ್ಶನಕ್ಕೆ ಅಡ್ಡಿಯೆಂದು ಪರಿಗಣಿತವಾಗಿಲ್ಲ.

ಆಟದ ಮೈದಾನದ ಲೆಕ್ಕ ಬೇರೆ. 1884ರಲ್ಲಿ ಥರ್ಲ್ಸ್‌ನಲ್ಲಿ ಸ್ಥಾಪನೆಯಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನಿನ ಮುಖ್ಯ ಆಟಗಳಲ್ಲಿ ತಂಡಕ್ಕೆ 15 ಜನ. ಊರಿನ ಯುವಕರು 14ಕ್ಕೆ ಇಳಿದಾಗ ಪಾದ್ರಿಯ ವಯಸ್ಸನ್ನು ಗೌರವಪೂರ್ವಕವಾಗಿ ವಿಚಾರಿಸಲಾಗುತ್ತದೆ.

ಗ್ರಾಮದ ಆಂತರಿಕ ಭದ್ರತೆಗೆ ಟೈಡಿ ಟೌನ್ಸ್ ಸ್ಪರ್ಧೆ ಆಧಾರ. 1958ರಲ್ಲಿ ಆರಂಭವಾದ ಈ ಸ್ವಚ್ಛತಾ ಸ್ಪರ್ಧೆಯ ಮೊದಲ ಬಹುಮಾನ ಡೊನೆಗಾಲ್‌ನ ಗ್ಲೆಂಟೀಸ್‌ಗೆ ಸಂದಿತು. ತೀರ್ಪುಗಾರರು ಬೇಸಿಗೆಯಲ್ಲಿ ಮುನ್ಸೂಚನೆಯಿಲ್ಲದೆ ಬರುತ್ತಾರೆ. ಆದಕಾರಣ ಜೂನ್ ತಿಂಗಳಿನಿಂದ ಪ್ರತಿಯೊಬ್ಬ ಅಪರಿಚಿತನೂ ತೀರ್ಪುಗಾರನೆಂದೇ ಗ್ರಹಿಸಲ್ಪಡುತ್ತಾನೆ. ಹೂಕುಂಡದ ಮುಂದೆ ನಿಂತವನಿಗೆ ಚಹಾ, ನಿಂತು ಏನಾದರೂ ಬರೆದುಕೊಂಡವನಿಗೆ ಚಹಾದೊಡನೆ ಹಣ್ಣಿನ ಕೇಕು. ವಿದ್ಯುತ್ ಮೀಟರ್ ಓದುವವರು ಈ ಮಾಸಗಳಲ್ಲಿ ಮೈ ತುಂಬಿಕೊಳ್ಳುವುದು ಸಹಜ. ಬಹುಮಾನ ಪಕ್ಕದ ಊರಿಗೆ ಹೋದ ವರ್ಷ ತೀರ್ಪುಗಾರರ ದೃಷ್ಟಿದೋಷದ ಬಗ್ಗೆ ವಿಚಾರ ನಡೆಯುತ್ತದೆ. ಇದಕ್ಕೆ ಎರಡೂ ಪಬ್ಬುಗಳು ಒಟ್ಟಾಗುತ್ತವೆ.

ಸಾವಿನ ವ್ಯವಸ್ಥೆ ಅತ್ಯಂತ ಪ್ರೌಢವಾದುದು. ಸ್ಥಳೀಯ ರೇಡಿಯೋ ಮರಣವಾರ್ತೆಗಳನ್ನು ಓದುವಾಗ ಮನೆಯವರೆಲ್ಲ ಮೌನವಾಗುತ್ತಾರೆ. ಹಿರಿಯರು ತಮ್ಮ ಹೆಸರು ಬರಲಿಲ್ಲವೆಂದು ಖಚಿತಪಡಿಸಿಕೊಂಡು ಊಟ ಮುಂದುವರಿಸುತ್ತಾರೆ. ಟಿಪ್ಪರರಿಯ ಫೆಥರ್ಡ್‌ನಲ್ಲಿ ಒಂದೇ ಮನೆತನದ ಹೆಸರಿನ ಕೆಳಗೆ ಪಬ್ಬೂ ಅಂತ್ಯಕ್ರಿಯೆಯ ವ್ಯವಹಾರವೂ ನಡೆದುಬಂದಿವೆ. ಗಿರಾಕಿಯ ಎತ್ತರ, ಸುತ್ತಳತೆ ಇತ್ಯಾದಿಗಳನ್ನು ಕೇಳಿ ತಿಳಿಯುವ ಮುಜುಗರ ಇದರಿಂದ ತಪ್ಪುತ್ತದೆ. ಶವದರ್ಶನಕ್ಕೆ ಬಂದವರು ಸಾಲಿನಲ್ಲಿ ಸಾಗಿ ಪ್ರತಿ ಬಂಧುವಿನ ಕೈ ಕುಲುಕಿ ಒಂದೇ ಸಾಂತ್ವನದ ಮಾತನ್ನು ಹೇಳಬೇಕು. ಮಾತು ಬದಲಾಯಿಸಿದವರನ್ನು ನಗರವಾಸಿಗಳೆಂದು ಗುರುತಿಸಲಾಗುತ್ತದೆ. ಬಳಿಕ ರಸ್ತೆಬದಿಯ ಕಾರುಗಳ ಎಣಿಕೆ. ಸಾಲು ಚರ್ಚಿನಿಂದ ಮೈದಾನದವರೆಗೆ ಇದ್ದರೆ ಮೃತರು ಸಜ್ಜನರು. ಅದು ಪಕ್ಕದ ಊರನ್ನು ಮುಟ್ಟಿದರೆ, ಸಾಲ ತೀರಿಸದೆ ಹೋದವರು.