ಅಜ್ಜಿಮನೆಯ ಜಮಾಖರ್ಚು

ಏಪ್ರಿಲ್ ತಿಂಗಳ ಎರಡನೆಯ ವಾರದ ಸುಮಾರಿಗೆ ನಮ್ಮ ನಾಡಿನ ಶಾಲೆಗಳೆಲ್ಲ ಒಂದೇ ಮುಹೂರ್ತದಲ್ಲಿ ಬಾಗಿಲು ಮುಚ್ಚಿ, ಅಷ್ಟು ತಿಂಗಳ ಕಾಲ ತಮ್ಮ ಸುಪರ್ದಿನಲ್ಲಿಟ್ಟುಕೊಂಡಿದ್ದ ಬಾಲಕ ಬಾಲಿಕೆಯರನ್ನು ಯಾವ ರಸೀತಿಯನ್ನೂ ಕೇಳದೆ ಅವರವರ ತಂದೆತಾಯಿಗಳ ವಶಕ್ಕೆ ಒಪ್ಪಿಸಿ, ಮೇ ತಿಂಗಳು ಮುಗಿಯುವತನಕ ನಿಶ್ಚಿಂತವಾಗಿ ವಿಶ್ರಮಿಸುತ್ತವೆ. ಮಕ್ಕಳಿಗೆ ಅದು ಪರಮಾನಂದದ ಕಾಲವೆಂಬುದರಲ್ಲಿ ಸಂದೇಹವಿಲ್ಲ. ಉಪಾಧ್ಯಾಯರಿಗೂ, ಮೌಲ್ಯಮಾಪನ, ತರಬೇತಿ, ಗಣತಿ ಮೊದಲಾದ ವಿಘ್ನಗಳು ಒದಗದ ಪಕ್ಷದಲ್ಲಿ, ಆನಂದವೇ. ಗೃಹಸ್ಥನೊಬ್ಬನು ಮಾತ್ರ, "ಅಪ್ಪಾ, ಈ ಸಲ ಎಲ್ಲಿಗೆ?" ಎಂಬ ಪ್ರಶ್ನೆಯನ್ನು ಬೆಳಗಿನ ಕಾಫಿಯೊಡನೆಯೂ ರಾತ್ರಿಯ ಮಜ್ಜಿಗೆಯನ್ನದೊಡನೆಯೂ ನುಂಗುತ್ತ, ಬ್ಯಾಂಕಿನ ಪುಸ್ತಕವನ್ನು ಏಕಾಂತದಲ್ಲಿ ತೆರೆದು ನೋಡಿ ಮತ್ತೆ ಮುಚ್ಚಿಡುತ್ತಾನೆ.

ರಜೆಯೆಂಬುದು ಒಬ್ಬೊಬ್ಬರಿಗೆ ಒಂದೊಂದು ಋತುವಿನಲ್ಲಿ ಬರುವ ಏರ್ಪಾಡಿದ್ದಿದ್ದರೆ ನಮ್ಮಂಥವರೂ ಗಿರಿಧಾಮಗಳನ್ನು ಕಾಣಬಹುದಾಗಿತ್ತು. ಆದರೆ ಅದು ಎಲ್ಲರಿಗೂ ಒಟ್ಟಿಗೇ ಬರುತ್ತದೆ. ಹಾಗೆ ಬರುತ್ತದೆಂಬುದು ಮಡಿಕೇರಿ ಚಿಕ್ಕಮಗಳೂರುಗಳಲ್ಲಿ ಕೊಠಡಿ ಬಾಡಿಗೆಗೆ ಕೊಡುವವರಿಗೂ, ರಾತ್ರಿ ಬಸ್ಸು ಓಡಿಸುವ ಖಾಸಗಿಯವರಿಗೂ ಶಿಕ್ಷಣ ಇಲಾಖೆಯ ಸುತ್ತೋಲೆ ಹೊರಡುವುದಕ್ಕೆ ಮೊದಲೇ ತಿಳಿದಿರುತ್ತದೆ. ಫೆಬ್ರುವರಿಯಲ್ಲಿ ಕೇಳುವವರಿಲ್ಲದೆ ಬಿದ್ದಿದ್ದ ಕೋಣೆ, ಅದೇ ಮಂಚ ಅದೇ ಕಿಟಕಿ ಅದೇ ಸೋರುವ ನಲ್ಲಿಯೊಡನೆ, ಏಪ್ರಿಲ್ಲಿನಲ್ಲಿ ಇಮ್ಮಡಿ ಬೆಲೆಯನ್ನು ಗಳಿಸಿಕೊಳ್ಳುತ್ತದೆ. ರಾಷ್ಟ್ರೀಯ ಹೆದ್ದಾರಿಗಳ ಸುಂಕವನ್ನು ಪರಿಷ್ಕರಿಸುವ ದಿನವೂ ಸಾಮಾನ್ಯವಾಗಿ ಏಪ್ರಿಲ್ 1ನೆಯ ತಾರೀಖೇ. ಆ ದಿನಕ್ಕೆ ಲೋಕದಲ್ಲಿ ಬೇರೊಂದು ಪ್ರಸಿದ್ಧಿಯೂ ಇರುವುದು ಆಕಸ್ಮಿಕವೆಂದೇ ನಂಬಿದ್ದೇನೆ. ನೌಕರನಿಗೆ ನಾಲ್ಕು ವರ್ಷಗಳ ಅವಧಿಯಲ್ಲಿ ಎರಡು ಬಾರಿ ಪ್ರಯಾಣದ ಖರ್ಚಿಗೆ ಆದಾಯ ತೆರಿಗೆಯಿಂದ ವಿನಾಯಿತಿ ದೊರೆಯುವುದೆಂದು ಆಸೆ ಪಟ್ಟರೆ, ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದುಕೊಂಡವರಿಗೆ ಮಾತ್ರ. ಅದೂ ಹೋಗಿಬರುವ ಟಿಕೆಟ್ಟಿಗೇ ಹೊರತು ಉಳಿದುಕೊಂಡ ಕೊಠಡಿಗಲ್ಲ, ತಿಂದ ದೋಸೆಗಂತೂ ಅಲ್ಲವೇ ಅಲ್ಲ.

ಇಷ್ಟನ್ನೂ ತೆತ್ತು ಹೋದರೆ ನೋಡುವುದಕ್ಕಾದರೂ ಏನು ಉಳಿದಿರುತ್ತದೆ? ಜೋಗದ ವಿಚಾರವನ್ನೇ ತೆಗೆದುಕೊಳ್ಳಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಂದಿನಿಂದ ಶರಾವತಿಯು ಬಹುಮಟ್ಟಿಗೆ ವಿದ್ಯುದಾಗಾರಗಳ ಸೇವೆಯಲ್ಲಿ ನಿರತಳಾಗಿ, ಮಳೆಗಾಲದಲ್ಲಿ ಮಾತ್ರ ರಾಜ, ರಾಣಿ, ರೋರರ್, ರಾಕೆಟ್ ಎಂಬ ತನ್ನ ನಾಲ್ಕು ಧಾರೆಗಳಲ್ಲಿ ಪೂರ್ಣವೈಭವದಿಂದ ಧುಮುಕುತ್ತಾಳೆ. ಆ ಜುಲೈ ಆಗಸ್ಟ್ ತಿಂಗಳುಗಳಲ್ಲಿ ನಮ್ಮ ಮಕ್ಕಳು ತರಗತಿಯಲ್ಲಿ ಕುಳಿತು ಭೂಗೋಳದ ಪುಸ್ತಕದಲ್ಲಿ ಅದೇ ಜೋಗವನ್ನು ಬಾಯಿಪಾಠ ಮಾಡುತ್ತಿರುತ್ತಾರೆ. ಅವರಿಗೆ ಬಿಡುವು ಸಿಕ್ಕಿ, ನಾವು ಅವರನ್ನು ಕರೆದುಕೊಂಡು ಹೋಗಿ ಕಟಕಟೆಯ ಬಳಿ ನಿಲ್ಲಿಸುವ ವೇಳೆಗೆ ಅಲ್ಲಿ ಇರುವುದು ಬಿಸಿಲು, ಬಂಡೆ, ಮತ್ತು ಬಂಡೆಯ ಮೇಲೆ ನೀರು ಬೀಳುತ್ತಿದ್ದುದರ ಗುರುತು. ಹಂಪೆಯೂ ಹಾಗೆಯೇ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ತ್ವ ಇಲಾಖೆಯವರು ಪ್ರವೇಶಶುಲ್ಕವನ್ನು ಕೇಳದಿರುವುದು ಉದಾರವಾದ ನಡತೆಯೇ ಸರಿ. ಆದರೆ ಏಪ್ರಿಲ್ಲಿನ ಮಧ್ಯಾಹ್ನ ಆ ಕಲ್ಲುಚಪ್ಪಡಿಗಳ ಮೇಲೆ ಬರಿಗಾಲಿಟ್ಟವನಿಗೆ ಶುಲ್ಕವನ್ನು ಬೇರೊಂದು ರೂಪದಲ್ಲಿ ವಸೂಲು ಮಾಡಿಕೊಂಡಂತೆಯೇ ತೋರುತ್ತದೆ.

ಈ ಕಾರಣಗಳನ್ನೆಲ್ಲ ಒಂದು ರಾತ್ರಿ ಊಟವಾದ ಮೇಲೆ ಕ್ರಮವಾಗಿ ನಿರೂಪಿಸಿ, ಈ ವರ್ಷ ನಾವು ರಜೆಯನ್ನು ಮನೆಯಲ್ಲೇ ಕಳೆಯತಕ್ಕದ್ದೆಂದು ಪ್ರಸ್ತಾಪಿಸಿದೆ. ನಾವಿರುವುದು ಮೈಸೂರಿನಲ್ಲಿ. ದೇಶದೇಶದ ಜನ ಹಣ ತೆತ್ತು ನೋಡಬರುವ ಊರಿನಲ್ಲಿ, ಚಾಮುಂಡಿಬೆಟ್ಟ ಕಾಣುವ ಮಹಡಿಯ ಮೇಲೆ, ಬಾಡಿಗೆಯಿಲ್ಲದೆ ವಾಸಿಸುತ್ತಿರುವವರು ಮತ್ತೆಲ್ಲಿಗೋ ಹೋಗಿ ಹಣ ತೆರುವುದು ವಿವೇಕವೇ ಎಂದು ಕೇಳಿದ ನನ್ನ ಮಾತಿಗೆ ಮಕ್ಕಳು ಮುಖ ಬಾಡಿಸಿದರು; ನನ್ನ ಹೆಂಡತಿ ಏನನ್ನೂ ಹೇಳದೆ ಒಮ್ಮೆ ನನ್ನನ್ನೂ, ಒಮ್ಮೆ ಒಳಕೋಣೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನನ್ನ ತಾಯಿಯನ್ನೂ ನೋಡಿದಳು.

ಆ ನೋಟದ ಅರ್ಥ ಸ್ಪಷ್ಟವಾದದ್ದು ಮರುದಿನ ಶಿವಮೊಗ್ಗದಿಂದ ತಂಗಿಯ ಫೋನು ಬಂದಾಗ. "ಅಣ್ಣ, ನೀವೆಲ್ಲ ಈ ಸಲ ಊರಲ್ಲೇ ಇರ್ತೀರಂತೆ, ಅಮ್ಮ ಹೇಳಿದಳು. ಮಕ್ಕಳು ಅಜ್ಜಿಮನೆ ಅಜ್ಜಿಮನೆ ಅಂತ ಕುಣೀತಿದಾವೆ." ತಂದೆಯವರು ತೀರಿಕೊಂಡ ಮೇಲೆ ಹಳ್ಳಿಯ ಮನೆಗೆ ಬೀಗ ಹಾಕಿಸಿ ತಾಯಿಯನ್ನು ನಮ್ಮಲ್ಲಿಗೆ ಕರೆತಂದಾಗ, ಪುತ್ರಧರ್ಮವನ್ನು ಪಾಲಿಸಿದೆನೆಂಬ ತೃಪ್ತಿಯಲ್ಲಿ ನನಗೆ ಹೊಳೆಯದೆ ಹೋದ ಸೂಕ್ಷ್ಮವೊಂದಿತ್ತು: ಅಜ್ಜಿ ಎಲ್ಲಿರುವಳೋ ಅದೇ ಅಜ್ಜಿಮನೆ. ಮಾವಿನ ತೋಪು, ಕೆರೆ, ಹಿತ್ತಿಲು, ಎಮ್ಮೆ ಮೊದಲಾದವು ಆ ಸಂಸ್ಥೆಗೆ ಭೂಷಣಗಳೇ ಹೊರತು ಅನಿವಾರ್ಯವಾದ ಅಂಗಗಳಲ್ಲ. ಬಾಗಿಲ ಮೇಲಿನ ಫಲಕದಲ್ಲಿ ನನ್ನ ಹೆಸರಿರಬಹುದು, ಸಾಲದ ಕಂತು ನನ್ನ ಸಂಬಳದಿಂದ ಕಳೆಯುತ್ತಿರಬಹುದು; ಮೊಮ್ಮಕ್ಕಳ ನ್ಯಾಯಶಾಸ್ತ್ರದಲ್ಲಿ ನಾನು ಆ ಮನೆಯಲ್ಲಿ ವಾಸವಾಗಿರುವ ಒಬ್ಬ ಸೋದರಮಾವ, ಅಷ್ಟೆ.

ಅವರ ಪ್ರಯಾಣಕ್ಕಾದರೂ ಖರ್ಚು ಇದ್ದಿದ್ದರೆ ಬರುವುದಕ್ಕೆ ಮೊದಲು ಒಂದಿಷ್ಟು ಆಲೋಚಿಸುತ್ತಿದ್ದರೇನೋ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿಯೂ ವೇಗದೂತದಲ್ಲಿಯೂ ಉಚಿತ ಪ್ರಯಾಣ ಒದಗಿರುವುದನ್ನು ನಾನು ಮನಃಪೂರ್ವಕವಾಗಿ ಮೆಚ್ಚಿದವನೇ; ತಂಗಿಯೂ ಅವಳ ಹೆಣ್ಣುಮಕ್ಕಳೂ ಸೊನ್ನೆ ರೂಪಾಯಿಯ ಟಿಕೆಟ್ಟುಗಳನ್ನು ಹಿಡಿದು ಮಹಾರಾಣಿಯರಂತೆ ಬಂದಿಳಿದರು. ಆ ಸಂಸಾರದಲ್ಲಿ ನಿಗಮಕ್ಕೆ ಹಣ ತೆತ್ತವನೆಂದರೆ ಅರ್ಧ ಟಿಕೆಟ್ಟಿನ ಹುಡುಗನೊಬ್ಬನೇ. ಆ ಕಾರಣದಿಂದ ತನಗೆ ಕಿಟಕಿಯ ಸೀಟು ಸಲ್ಲಬೇಕೆಂದು ದಾರಿಯುದ್ದಕ್ಕೂ ವಾದಿಸಿದನಂತೆ. ಅವನ ವಾದದಲ್ಲಿ ಸತ್ಯವಿಲ್ಲದಿರಲಿಲ್ಲ. ಬೆಂಗಳೂರಿನಿಂದ ತಮ್ಮನ ಮಕ್ಕಳೂ ಆ ವಾರದಲ್ಲೇ ಬಂದು ಸೇರಿದವು.

ಪ್ರವಾಸದ ಖರ್ಚಿಗೆ ಒಂದು ಗುಣವಿದೆ: ಅದಕ್ಕೆ ಬಿಲ್ಲು ಇರುತ್ತದೆ. ಮನೆಯ ರಜೆಯ ಖರ್ಚು ಹಾಗಲ್ಲ. ಅದು ಹಾಲಿನ ಪೊಟ್ಟಣದಲ್ಲಿ, ಸಕ್ಕರೆಯ ಡಬ್ಬಿಯಲ್ಲಿ, ಸ್ನಾನದ ಮನೆಯ ಸಾಬೂನಿನಲ್ಲಿ ನಾಮರೂಪರಹಿತವಾಗಿ ಅಡಗಿರುತ್ತದೆ. ಹಾಲಿನ ಲೆಕ್ಕವನ್ನು ನಾನು ಬರೆದಿಡುವುದನ್ನು ಬಿಟ್ಟದ್ದು 2025ರಲ್ಲಿ, ಅದರ ಬೆಲೆಯೂ ಏಪ್ರಿಲ್ 1ರಂದೇ ಲೀಟರಿಗೆ 4 ರೂಪಾಯಿ ಏರಿದಾಗ. ಮಾವಿನ ಹಣ್ಣಿನ ವಿಷಯದಲ್ಲಂತೂ ಲೆಕ್ಕವಿಡುವುದು ಶಿಷ್ಟಾಚಾರಕ್ಕೇ ವಿರುದ್ಧ. ಬಾದಾಮಿಯನ್ನು ಹೋಳು ಮಾಡಿ ತಿನ್ನಬೇಕು, ರಸಪೂರಿಯನ್ನು ಹಿಂಡಿ ಸೀಕರಣೆ ಮಾಡಬೇಕು, ತೋತಾಪುರಿಗೆ ಉಪ್ಪು ಕಾರ ಹಚ್ಚಬೇಕು ಎಂಬ ವಿಧಿಗಳನ್ನು ನನ್ನ ತಾಯಿ ಧರ್ಮಶಾಸ್ತ್ರದಷ್ಟೇ ನಿಷ್ಠೆಯಿಂದ ಉಪದೇಶಿಸುತ್ತಿದ್ದಳಾದ್ದರಿಂದ, ಒಂದು ಜಾತಿಯ ಹಣ್ಣು ಮನೆಯಲ್ಲಿದೆಯೆಂಬುದು ಇನ್ನೊಂದನ್ನು ತಾರದಿರುವುದಕ್ಕೆ ಕಾರಣವಾಗುತ್ತಿರಲಿಲ್ಲ. ಮಲಗೋವ ಬರುವುದು ತಡವೆಂದು ದೇವರಾಜ ಮಾರುಕಟ್ಟೆಯಲ್ಲಿ ಕೇಳಿದಾಗ ನನಗಾದ ಸಂತೋಷವನ್ನು ಹಣ್ಣಿನ ಅಂಗಡಿಯವನು ಅಪಾರ್ಥ ಮಾಡಿಕೊಂಡಿರಬೇಕು. ಮಹಡಿಯ ಮೇಲೆ ಸಂಡಿಗೆ ಇಟ್ಟದ್ದೂ ಆ ದಿನಗಳಲ್ಲೇ. ಕಾಗೆಗಳಿಂದ ಅದನ್ನು ಕಾಯುವುದಕ್ಕೆ ಮಕ್ಕಳನ್ನು ನೇಮಿಸಲಾಯಿತು. ಸಂಜೆಗೆ ಉಳಿದದ್ದನ್ನು ನೋಡಿದರೆ ಕಾಗೆಗಳನ್ನು ನೇಮಿಸಿ ಮಕ್ಕಳಿಂದ ಕಾಯಿಸಬಹುದಾಗಿತ್ತು.

ಎಲ್ಲಕ್ಕಿಂತ ನನ್ನನ್ನು ಕಂಗೆಡಿಸಿದುದು ವಿದ್ಯುತ್ತಿನ ಮೀಟರು. ಗೃಹಜ್ಯೋತಿಯ ನಿಯಮ ನಮ್ಮ ರಾಜ್ಯದ ಗೃಹಸ್ಥರಿಗೆಲ್ಲ ಕಂಠಸ್ಥವಾಗಿದೆ: ಹಿಂದಿನ ಬಳಕೆಯ ಸರಾಸರಿಗೆ ನೂರಕ್ಕೆ ಹತ್ತು ಪಾಲು ಸೇರಿಸಿದರೆ ಎಷ್ಟೋ ಅಷ್ಟು ಉಚಿತ, ಅದನ್ನು ದಾಟಿದರೆ ಹೆಚ್ಚಿನದಕ್ಕೆ ಮಾತ್ರ ಹಣ, 200 ಯೂನಿಟ್ಟನ್ನೇ ದಾಟಿದಿರೋ, ಪೂರ್ತಿ ಬಿಲ್ಲು. 199ರಲ್ಲಿರುವವನು ಸರ್ಕಾರದ ಕೃಪೆಗೆ ಪಾತ್ರನು, 201ರಲ್ಲಿರುವವನು ಪದಚ್ಯುತನು. ಸ್ವರ್ಗ ನರಕಗಳ ನಡುವೆ ಇಷ್ಟು ಕಿರಿದಾದ ಅಂತರವನ್ನು ಪುರಾಣಗಳೂ ಹೇಳಿಲ್ಲ. ಹಗಲೆಲ್ಲ ಶೀತಕಪೆಟ್ಟಿಗೆಯ ಬಾಗಿಲು ತೆರೆದು ಮುಚ್ಚುವ ಸದ್ದು, ಕೋಣೆಕೋಣೆಯಲ್ಲಿ ಫ್ಯಾನು, ಇಬ್ಬರಿಗೆ ಒಮ್ಮತವಿಲ್ಲದ ಟೀವಿ, ರಾತ್ರಿಯಿಡೀ ಗುರುಗುಟ್ಟುವ ಕೂಲರು. ನಾನು ದಿನಕ್ಕೆ ಹಲವು ಬಾರಿ ಹೊರಗೆ ಹೋಗಿ, ಜ್ವರ ಬಂದ ಮಗುವಿನ ಥರ್ಮಾಮೀಟರನ್ನು ನೋಡುವ ತಾಯಿಯಂತೆ, ಆ ಕೆಂಪು ಅಂಕಿಗಳನ್ನು ನೋಡಿ ಬರುತ್ತಿದ್ದೆ. ಜೋಗದಲ್ಲಿ ಬೇಸಗೆಯ ಹೊತ್ತು ಕಾಣಿಸದ ಶರಾವತಿಯು ನಮ್ಮ ಮನೆಯ ಮೀಟರಿನಲ್ಲಿ ಭೋರ್ಗರೆಯುತ್ತಿದ್ದಳು. ಶಿವಮೊಗ್ಗದ ಹುಡುಗನು ನನ್ನ ಜೊತೆಯಲ್ಲೇ ಬಂದು ನಿಂತು, ಅದು ಯಾವಾಗ 200 ಆಗುವುದೆಂದು ಕ್ರಿಕೆಟ್ಟಿನ ದ್ವಿಶತಕವನ್ನು ಕಾಯುವವನ ಉತ್ಸಾಹದಿಂದ ಕೇಳುತ್ತಿದ್ದನು. ಆದ ದಿನ ಚಪ್ಪಾಳೆ ತಟ್ಟಿದನು.

ಆ ಸಂಜೆ ನಾನು ತಾಯಿಯ ಬಳಿ ಕುಳಿತು, ನಮ್ಮ ಕಾಲದಲ್ಲಿ ರಜೆಗೆ ಒಂದು ಕಾಸೂ ಬೇಕಾಗುತ್ತಿರಲಿಲ್ಲ, ತಿಪಟೂರಿನ ಕಡೆಯ ನಮ್ಮ ಅಜ್ಜಿಯ ಮನೆಗೆ ಬೇಸಗೆಯಲ್ಲಿ ಹೋಗಿ ಎಳನೀರು ಕುಡಿದು ಹಲಸು ತಿಂದು ಬರುತ್ತಿದ್ದೆವು, ಎಂತಹ ನಿಷ್ಪ್ರಯಾಸದ ದಿನಗಳು ಎಂದು ಹಲುಬಿದೆ. ನನ್ನ ತಾಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸದೆಯೇ ಹೇಳಿದಳು: "ನಿನಗೆ ಬೇಕಾಗಿರಲಿಲ್ಲ ಕಣೋ. ನಮ್ಮಮ್ಮ ವರ್ಷಪೂರ್ತಿ ಅಟ್ಟದ ಮೇಲೆ ಒಂದಿಷ್ಟು ಕೊಬ್ಬರಿ ಬೇರೆಯಾಗಿ ಇಟ್ಟಿರ್ತಿದ್ದಳು. ಮನೇಲಿ ಎಷ್ಟೇ ಕಷ್ಟ ಬಂದರೂ ಅದನ್ನ ಮುಟ್ಟಕ್ಕೆ ಅಪ್ಪನಿಗೂ ಬಿಡ್ತಿರಲಿಲ್ಲ. ನೀವು ಬರೋ ಹದಿನೈದು ದಿನ ಮುಂಚೆ ಅದು ಸಂತೆಗೆ ಹೋಗೋದು. ನೀವೆಲ್ಲ ತಿರುಗಿ ಹೊರಟ ಮೇಲೆ ಶೆಟ್ಟರ ಅಂಗಡಿ ಲೆಕ್ಕ ತೀರೋದು ದೀಪಾವಳಿಗೆ." ತಿಪಟೂರಿನ ಕೊಬ್ಬರಿಗೆ ದೇಶದಲ್ಲೆಲ್ಲ ಹೆಸರಿದೆ, ಅದರಲ್ಲೊಂದು ಪಾಲು ನಮ್ಮ ಹೊಟ್ಟೆಗೆ ಹೋಳಿಗೆಯ ರೂಪದಲ್ಲಿ ಸಂದಿತ್ತೆಂಬುದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಅಜ್ಜಿಯಂತೂ ಹೇಳುವವಳಲ್ಲ. ಬಸ್ಸು ಹತ್ತುವಾಗ ನಮ್ಮ ಕೈಗೆ ಒಂದೊಂದು ರೂಪಾಯಿ ಇಟ್ಟು, "ಇನ್ನೂ ನಾಲ್ಕು ದಿನ ಇದ್ದು ಹೋಗಬಹುದಿತ್ತು" ಎನ್ನುತ್ತಿದ್ದಳು. ಅವಳು ಬಾಯಿಮಾತಿಗೆ ಹಾಗೆ ಅಂದಳೆಂದು ಈಗಲೂ ನನಗೆ ನಂಬಿಕೆಯಿಲ್ಲ.

ಊರು ನೋಡುವ ಪ್ರಕರಣವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನ್ನ ಮಕ್ಕಳು ಅರಮನೆಯ ಒಳಗನ್ನು ನೋಡಿಯೇ ಇಲ್ಲವೆಂಬ ಸಂಗತಿ ನೆಂಟರ ಮುಂದೆ ಬಯಲಾಗಿ, ಎಲ್ಲರೂ ಹೊರಡಲೇಬೇಕಾಯಿತು. 1892ರಲ್ಲಿ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದ ಮೃಗಾಲಯದಲ್ಲಿ ಪ್ರಾಣಿಗಳನ್ನು ನೋಡುವುದಕ್ಕೆ ತೆತ್ತದ್ದಕ್ಕಿಂತ, ಅಲ್ಲಿಂದ ಹೊರಬಿದ್ದ ಮೇಲೆ ನಮ್ಮವರ ಬಾಯಾರಿಕೆಯನ್ನು ತಣಿಸುವುದಕ್ಕೆ ತೆತ್ತದ್ದೇ ಹೆಚ್ಚು. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲಿಗೆ ಶುಲ್ಕವಿಲ್ಲವೆಂದು ಆರಿಸಿಕೊಂಡರೆ, ಹತ್ತುವ ಹಸಿವಿಗೆ ಮೇಲೆ ಚುರುಮುರಿಯವರೂ ಕಡಲೆಕಾಯಿಯವರೂ ಕಾದಿದ್ದರು. ಭಾನುವಾರದ ಸಂಜೆ ಅರಮನೆಯ ದೀಪಗಳನ್ನು ಹೊತ್ತಿಸಿದಾಗ, ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಬೆಳಗಿ ಜನರೆಲ್ಲ ಉದ್ಗರಿಸಿದಾಗ, ನಾನೂ ಉದ್ಗರಿಸಿದೆ. ಅವರ ಮೀಟರನ್ನು ನೆನೆದು.

ಜೂನ್ ಬಂತು, ಎಲ್ಲರೂ ಹೊರಟರು, ಮನೆ ಬಿಕೋ ಎಂದಿತು ಎಂಬುದನ್ನು ನಾನು ಬರೆಯುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ದಸರೆಯ ಮಾತು ಆರಂಭವಾಗಿತ್ತು. ಬೇಸಗೆಯಲ್ಲಿ ಬರುವವರು ಅಜ್ಜಿಯನ್ನು ನೋಡಲು ಬರುತ್ತಾರೆ. ದಸರೆಗೆ ಬರುವವರಿಗೆ ಅಜ್ಜಿಯೂ ಬೇಕಿಲ್ಲ. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಯುವ ದಿನ ಊರಿನ ಹೋಟೆಲುಗಳ ಬಾಡಿಗೆ ಎಷ್ಟಾಗುವುದೆಂದು ವಿಚಾರಿಸಿದ ಯಾವ ವಿವೇಕಿಗೂ, ಮೈಸೂರಿನಲ್ಲಿ ತನಗೊಬ್ಬ ದಾಯಾದಿಯೋ ಸಹಪಾಠಿಯೋ ಇರುವುದು ಥಟ್ಟನೆ ನೆನಪಾಗುತ್ತದೆ. ನನ್ನ ಹೆಂಡತಿಯ ಸೋದರತ್ತೆಯ ಅಳಿಯಂದಿರು ಆಗಸ್ಟಿನಲ್ಲೇ ಫೋನು ಮಾಡಿ, ಬರಬಹುದೇ ಎಂದಲ್ಲ, ಜಂಬೂಸವಾರಿಗೆ ಎಷ್ಟು ದಿನ ಮೊದಲು ಬಂದರೆ ಅನುಕೂಲ ಎಂದು ಕೇಳಿದರು.

"ಈ ಸಲದ ದಸರಾ ರಜೆಗೆ ನಾವೇ ಎಲ್ಲಿಗಾದರೂ ಹೊರಟುಬಿಡೋಣ ರೀ," ಎಂದಳು ನನ್ನ ಹೆಂಡತಿ. "ಮಡಿಕೇರಿಯಾದರೂ ಸರಿ. ಎಷ್ಟಾದರೂ ಕೇಳಲಿ." ನಾನು ಒಪ್ಪಿದೆ, ಏಪ್ರಿಲ್ಲಿನಲ್ಲಿ ನಾನು ನಿರೂಪಿಸಿದ್ದ ಕಾರಣಗಳಲ್ಲಿ ಒಂದನ್ನೂ ಅವಳು ನೆನಪಿಸಲಿಲ್ಲವೆಂಬುದು ಅವಳ ಸೌಜನ್ಯ. ತಾಯಿಗೆ ವಿಷಯ ತಿಳಿಸಿದಾಗ ಅವಳಿಗೂ ಬಹಳ ಸಂತೋಷವಾಯಿತು. "ಹೋಗಿಬನ್ನಿ ಮಗು, ನೀವೂ ಎಲ್ಲಿಗೂ ಹೋಗೇ ಇಲ್ಲ. ನನಗೆ ಆ ಬೆಟ್ಟ ಚಳಿ ಎಲ್ಲ ಆಗೋಲ್ಲ, ನಾನು ಮನೇಲೇ ಇರ್ತೀನಿ. ಬರೋವರಿಗೂ ಅನುಕೂಲವೇ ಆಯಿತು, ನಿಮ್ಮ ಕೋಣೆ ಖಾಲಿ ಇರುತ್ತಲ್ಲ. ಹೋಗೋ ಮುಂಚೆ ಗ್ಯಾಸು ಮಾತ್ರ ಇನ್ನೊಂದು ತರಿಸಿಟ್ಟು ಹೋಗು."