ಈಡುಗಾರ ಪಂಡಿತರ ಕಣ್ಣಂದಾಜು

ಸುಟ್ಟು ಬಿದ್ದ ಹಿತ್ತಾಳೆ ತೋಟಾದ ಹಳೇ ಕೇಪು ಕಿತ್ತು, ಹೊಸದು ಒತ್ತಿ, ಮದ್ದು ತೂಗಿ ಸುರಿದು, ಮೇಲೊಂದು ಗುಂಡು ಕೂರಿಸಿ ಮನೆಯಲ್ಲೇ ಮತ್ತೆ ತಯಾರು ಮಾಡಿಕೊಳ್ಳುವುದು ಅಮೆರಿಕದಲ್ಲಿ ನೂರು ವರ್ಷಕ್ಕೂ ಹಳೆಯ ಗೃಹಕೈಗಾರಿಕೆ. ಅಲ್ಲಿ ಮದ್ದಿನ ತೂಕ ಗ್ರೇನ್‌ಗಳಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಇಷ್ಟು ಸಣ್ಣಗೆ ತೂಗುವ ಜನ ಮಾತನ್ನೂ ತೂಗಿಯೇ ಆಡಿರುತ್ತಾರೆ ಎಂದುಕೊಂಡು ಅವರ ಹಳೆಯ ಪುಸ್ತಕಗಳನ್ನು ಬಿಡಿಸಿದರೆ ನಿರಾಸೆಯೇ ಗತಿ. ಒಬ್ಬೊಬ್ಬರೂ ತಮ್ಮದೇ ಕೊನೆಯ ಮಾತು ಎಂಬಂತೆ ಬರೆದಿದ್ದಾರೆ. ಆದರೂ ಅವನ್ನು ಓದಬೇಕು ಎಂಬುದೇ ನನ್ನ ವಾದ. ಪಂಡಿತರು ಎದೆಯುಬ್ಬಿಸಿ ಬರೆದ ಪುಟಗಳಿಗಾಗಿ ಅಲ್ಲ. ಏನೋ ಸಿಡಿದು, ತಲೆ ಕೆರೆದುಕೊಳ್ಳುತ್ತ ಬರೆದ ಪುಟಗಳಿಗಾಗಿ.

ಎದೆಯುಬ್ಬಿಸುವುದಕ್ಕೆ ಜಾಕ್ ಓಕಾನರ್, ಎಲ್ಮರ್ ಕೀತ್ ಇಬ್ಬರೇ ಸಾಕು. ಓಕಾನರ್ ಪತ್ರಿಕೋದ್ಯಮದ ಮೇಷ್ಟ್ರಾಗಿದ್ದು ‘ಔಟ್‌ಡೋರ್ ಲೈಫ್’ ಪತ್ರಿಕೆಯಲ್ಲಿ ಕೋವಿಯ ಬಗ್ಗೆ ಬರೆದವರು; 1925ರಲ್ಲಿ ಬಂದ .270 ವಿಂಚೆಸ್ಟರ್ ತೋಟಾದ ಪರವಾಗಿ ಜೀವಮಾನವಿಡೀ ವಕಾಲತ್ತು ವಹಿಸಿದವರು. ಗುಂಡು ಹಗುರವಿದ್ದರೂ ಚಿಂತೆಯಿಲ್ಲ, ವೇಗವಿರಲಿ, ಜಾಗ ನೋಡಿ ಹೊಡೆಯಿರಿ ಎಂಬುದು ಅವರ ಮತ. ಐಡಾಹೊದ ಕೀತ್‌ಗೆ ಗುಂಡೆಂದರೆ ದಪ್ಪಗಿರಬೇಕು, ಭಾರವಿರಬೇಕು; .270 ಅವರ ಲೆಕ್ಕದಲ್ಲಿ ನರಿ ಹೊಡೆಯುವ ಸಾಮಾನು. ಈ ದ್ವೈತಾದ್ವೈತ ದಶಕಗಟ್ಟಲೆ ನಡೆಯಿತು. ಇಬ್ಬರ ಗುಂಡಿಗೂ ದೊಡ್ಡ ದೊಡ್ಡ ಮೃಗಗಳು ಬಿದ್ದವು. ಸತ್ತ ಮೃಗ ಯಾರ ಪಕ್ಷವನ್ನೂ ವಹಿಸಲಿಲ್ಲ. ಗಾಯಗೊಂಡ ಜಿಂಕೆಯೊಂದಕ್ಕೆ ಸುಮಾರು 600 ಗಜ ದೂರದಿಂದ .44 ಮ್ಯಾಗ್ನಂ ರಿವಾಲ್ವರಿನಲ್ಲಿ ಈಡು ತಾಗಿಸಿದೆ ಎಂದು ಕೀತ್ ಬರೆದಿದ್ದಾರೆ. ನಿಜವೇ ಇರಬಹುದು. ಅದನ್ನೋದಿ ನಾವು ಕಲಿಯುವುದು ಮಾತ್ರ ಒಂದೇ: ನಾವು ಕೀತ್ ಅಲ್ಲ.

ಇದೇ ಕಾಲದ ಜೂಲಿಯನ್ ಹ್ಯಾಚರ್ ಬೇರೆ ಜಾತಿಯ ಮನುಷ್ಯ. ಸೈನ್ಯದಲ್ಲಿ ಮೇಜರ್ ಜನರಲ್. ‘ಹ್ಯಾಚರ್ಸ್ ನೋಟ್‌ಬುಕ್’ ಎಂಬ ಅವರ ಪುಸ್ತಕ 1947ರದು. ಅದರಲ್ಲಿ ಅಮೆರಿಕ ಸೈನ್ಯದ ಒಡೆದುಹೋದ ಸ್ಪ್ರಿಂಗ್‌ಫೀಲ್ಡ್ ಕೋವಿಗಳ ದೊಡ್ಡ ಪಟ್ಟಿಯೇ ಇದೆ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಮೊದಮೊದಲು ಮಾಡಿದ ಸುಮಾರು ಎಂಟು ಲಕ್ಷ ಕೋವಿಗಳ ಉಕ್ಕನ್ನು ಕಾಯಿಸಿದವರು ನುರಿತ ಕೆಲಸಗಾರರು. ಕಾವು ಸರಿಯಾಯಿತೆ ಎಂದು ನೋಡಲು ಅವರಿಗಿದ್ದ ಸಲಕರಣೆ ಕಣ್ಣು. ಕೋವಿಗಳು ಒಡೆಯತೊಡಗಿದ ಮೇಲೆ ಮಾಪಕ ಇಟ್ಟು ನೋಡಿದರೆ, ಅನುಭವಸ್ಥರು ‘ಸರಿ’ ಎಂದ ಕಾವು ಫ್ಯಾರನ್‌ಹೀಟ್ ಲೆಕ್ಕದಲ್ಲಿ 300 ಡಿಗ್ರಿವರೆಗೂ ಏರುಪೇರಾಗುತ್ತಿತ್ತು. ಮೋಡ ಕವಿದ ದಿನ ಒಂದು ಲೆಕ್ಕ, ಬಿಸಿಲಿನ ದಿನ ಇನ್ನೊಂದು. ಬೆಳಕು ಹೆಚ್ಚಿದ್ದಾಗ ಕೆಂಪಗೆ ಕಾದ ಕಬ್ಬಿಣವೂ ಮಂಕಾಗಿ ಕಾಣುತ್ತದೆಯಲ್ಲ! ಸೈನಿಕನ ಮುಖದ ಮುಂದೆ ಸಿಡಿಯುವ ಕೋವಿಯ ಹಣೆಬರಹವನ್ನು ಮೋಡ ಬರೆಯುತ್ತಿತ್ತು. ಆಕಾಶಕ್ಕೆ ನೇರವಾಗಿ ಹೊಡೆದ ಗುಂಡು ಎಲ್ಲಿ ಬೀಳುತ್ತದೆ ಎಂಬ ಪ್ರಶ್ನೆಗೂ ಹ್ಯಾಚರ್ ಪಾಂಡಿತ್ಯದ ಉತ್ತರ ಕೊಡುವುದಿಲ್ಲ. ಫ್ಲಾರಿಡಾದ ಕಡಲಲ್ಲಿ ಅಟ್ಟಣಿಗೆ ಕಟ್ಟಿ, ತಲೆಯ ಮೇಲೆ ಉಕ್ಕಿನ ತಗಡು ಹಿಡಿದು, ಮೆಷಿನ್‌ಗನ್ನಿನಿಂದ ಮೇಲಕ್ಕೆ ಐನೂರಕ್ಕೂ ಹೆಚ್ಚು ಗುಂಡು ಹಾರಿಸಿದ ಪ್ರಯೋಗವನ್ನು ವರದಿ ಮಾಡುತ್ತಾರೆ. ಅಟ್ಟಣಿಗೆಗೆ ಮರಳಿ ಬಿದ್ದವು ನಾಲ್ಕು. ಉಳಿದವನ್ನು ಗಾಳಿ ಎತ್ತೆತ್ತಲೋ ಒಯ್ದಿತ್ತು.

ವೇಗ ಅಳೆಯುವ ಕ್ರೊನೊಗ್ರಾಫ್ ಈಗ ಹವ್ಯಾಸಿಯ ಕೈಗೂ ಎಟುಕುತ್ತದೆ, ಒತ್ತಡ ಅಳೆಯಲು ವಿದ್ಯುತ್ ಸಂವೇದಕಗಳಿವೆ, ಈ ಮುದುಕರ ಹಂಗೇಕೆ ಎಂದು ಯಾರಾದರೂ ಕೇಳಬಹುದು. ಅರ್ಧ ಒಪ್ಪುತ್ತೇನೆ. ಹಳೆಯ ಪುಸ್ತಕದ ಮದ್ದಿನ ಪಟ್ಟಿ ಹೋದ ವರ್ಷದ ಪಂಚಾಂಗವಿದ್ದಂತೆ. ಅದನ್ನು ನೋಡಿ ಏಕಾದಶಿ ಮಾಡಿದರೆ ಉಪವಾಸವಷ್ಟೇ ವ್ಯರ್ಥ, ಇಲ್ಲಿ ಬೆರಳು ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಮಿಕ್ಕ ಫಿರಂಗಿ ಮದ್ದನ್ನು ಬ್ರೂಸ್ ಹಾಜ್ಡನ್ 4831 ಎಂಬ ಸಂಖ್ಯೆಯಲ್ಲಿ ಅಗ್ಗಕ್ಕೆ ಮಾರಿದರು. ಓಕಾನರ್ ಮೆಚ್ಚಿ ಬಳಸಿದ್ದೂ ಅದನ್ನೇ. 1970ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ಅದೇ ಸಂಖ್ಯೆ ಅಂಟಿಸಿ ತಂದ ಮದ್ದು ಬೇಗ ಉರಿಯುವ ಜಾತಿಯದು. ಹಳೇ ಪಟ್ಟಿ ನೋಡಿ ಹೊಸ ಡಬ್ಬಿಯಿಂದ ತುಂಬಿದವನಿಗೆ ಓಕಾನರ್ ಜವಾಬ್ದಾರರಲ್ಲ. ಒಪ್ಪದ ಇನ್ನರ್ಧ ಫ್ರಾಂಕ್ಲಿನ್ ಮನ್ ಎಂಬ ವೈದ್ಯರದು. ರೋಗಿಗಳಿಗಿಂತ ಗುಂಡುಗಳ ಮೇಲೆ ಮಮತೆ ಹೆಚ್ಚಾಗಿ, ಕಾಂಕ್ರೀಟಿನ ಕಟ್ಟೆ ಕಟ್ಟಿ ಅದಕ್ಕೆ ನಳಿಗೆ ಬಿಗಿದು, ದಾರಿಯುದ್ದಕ್ಕೂ ಕಾಗದದ ಪರದೆ ನಿಲ್ಲಿಸಿ, ಗುಂಡುಗಳನ್ನು ಬೇಕೆಂದೇ ಕೆಡಿಸಿ ಹೊಡೆದರು. ಮೂಗು ಜಜ್ಜಿದ ಗುಂಡು ಹೆಚ್ಚೇನೂ ದಾರಿ ತಪ್ಪಲಿಲ್ಲ. ಬುಡ ಸೊಟ್ಟಗಾದದ್ದು ತಪ್ಪಿತು. ಈ ಮಾತು ಅಚ್ಚಾದದ್ದು 1909ರಲ್ಲಿ. ಮಾಪಕಗಳೆಲ್ಲ ಬದಲಾದವು, ಮಾತು ಹಳತಾಗಲಿಲ್ಲ.

ಹಾಗಾದರೆ ಹೆಮ್ಮೆಗೆ ಜಾಗವೇ ಇಲ್ಲವೆ, ಒಡೆದದ್ದು ಕೆಟ್ಟದ್ದು ಮಾತ್ರ ಜ್ಞಾನವೆ ಎಂದು ಕೇಳಿದರೆ, ಪಿ. ಓ. ಆಕ್ಲಿ ಎಂಬ ಕೋವಿ ಕುಶಲಕರ್ಮಿಯನ್ನು ತೋರಿಸುತ್ತೇನೆ. ಅವರು ಹಲವು ದೇಶಗಳ ಸೈನಿಕ ಕೋವಿಗಳಿಗೆ ಸಿಡಿಯುವ ತನಕ ಮದ್ದು ಏರಿಸುತ್ತ ಹೋದರು. ಗಟ್ಟಿಮುಟ್ಟಾಗಿ ನಿಂತದ್ದು ಅಮೆರಿಕನ್ನರು ತಗಡು ಎಂದು ನಗುತ್ತಿದ್ದ ಜಪಾನಿನ ಅರಿಸಾಕ. ಕೋವಿಗಳನ್ನು ಹಾಳು ಮಾಡದೆ ಆ ಹೆಮ್ಮೆ ಜಪಾನಿಗೆ ದಕ್ಕುತ್ತಿರಲಿಲ್ಲ. ಆದ್ದರಿಂದ ಹಳೆಯ ಪುಸ್ತಕದಂಗಡಿಯಲ್ಲಿ ಇಂಥದ್ದೇನಾದರೂ ಕೈಗೆ ಸಿಕ್ಕರೆ ಬಿಡಬೇಡಿ. ಬೇಟೆಯ ಬಡಾಯಿಯನ್ನು ಮಲಗುವ ಮುಂಚೆ ಓದಿ, ಒಡೆದ ಕೋವಿಗಳ ಪಟ್ಟಿಯನ್ನು ಎಚ್ಚರವಿದ್ದಾಗ ಓದಿ. ಮದ್ದಿನ ಅಳತೆಯನ್ನು ಮಾತ್ರ ಮದ್ದು ಮಾಡಿದ ಕಂಪನಿಯ ಹೊಸ ಕೈಪಿಡಿಯಿಂದಲೇ ತೆಗೆದುಕೊಳ್ಳಿ.