ಇರಲಿ, ಇನ್ನೊಂದು ಸಳಿ

ನಮ್ಮ ಕಾಕಾನ ಮನೆಯಲ್ಲಿ ದೇವರ ಗೂಡಿನ ಕೆಳಗಿನ ಹಲಗೆಯ ಮೇಲೆ ಎರಡು ಗ್ರಂಥಗಳಿದ್ದವು. ಒಂದು ಭಗವದ್ಗೀತೆ. ಇನ್ನೊಂದು ಐಎಸ್ 456. ಕಾಂಕ್ರೀಟನ್ನು ಹೇಗೆ ಕಲಸಬೇಕು, ಅದರಲ್ಲಿ ಎಷ್ಟು ಕಬ್ಬಿಣ ಇಡಬೇಕು ಎಂದು ದೇಶದ ಸಿವಿಲ್ ಎಂಜಿನಿಯರುಗಳಿಗೆಲ್ಲ ವಿಧಿಸುವ ಕೋಡ್ ಪುಸ್ತಕ ಅದು. ಗೀತೆಗೆ ಹಬ್ಬದಲ್ಲಿ ಏರಿಸಿದ ಕುಂಕುಮದ ಗುರುತಿತ್ತು, ಕೋಡಿಗೆ ದಿನಾ ತಿರುವಿದ ಬೆರಳಿನ ಗುರುತಿತ್ತು. ಬದುಕಿನಲ್ಲಿ ಸಂಶಯ ಬಂದಾಗ ಕಾಕಾ ಯಾವುದನ್ನು ಬಿಚ್ಚುತ್ತಿದ್ದರೆಂದು ಬೇರೆ ಹೇಳಬೇಕಿಲ್ಲ.

1978ರಲ್ಲಿ ಆ ಕೋಡಿನ ಪರಿಷ್ಕರಣೆಯಾಗಿ ಲಿಮಿಟ್ ಸ್ಟೇಟ್ ಎಂಬ ಹೊಸ ಪದ್ಧತಿ ಬಂತು. ಹಳೆಯ ವರ್ಕಿಂಗ್ ಸ್ಟ್ರೆಸ್ ಪದ್ಧತಿಗಿಂತ ಲೆಕ್ಕ ನಾಜೂಕು, ಸಾಮಾನು ಉಳಿತಾಯ. ಕಾಕಾ ಹೊಸದರಲ್ಲಿ ಲೆಕ್ಕ ಮಾಡುತ್ತಿದ್ದರು, ಹಳೆಯದರಲ್ಲಿ ತಾಳೆ ನೋಡುತ್ತಿದ್ದರು, ಎರಡರಲ್ಲಿ ಯಾವುದು ಹೆಚ್ಚು ಕಬ್ಬಿಣ ಬೇಡುತ್ತದೋ ಅದನ್ನು ನಕ್ಷೆಯಲ್ಲಿ ಬರೆಯುತ್ತಿದ್ದರು. ಬರೆದ ಮೇಲೆ ಒಂದು ಗಳಿಗೆ ಯೋಚಿಸಿ, “ಇರಲಿ, ಇನ್ನೊಂದು ಸಳಿ ಹಾಕು” ಅನ್ನುತ್ತಿದ್ದರು. ಆಫೀಸಿಗೆ ಹೊಸದಾಗಿ ಬಂದ ಹುಡುಗನೊಬ್ಬ, “ಸರ್, ಬೀಮಿನಲ್ಲಿ ಕಬ್ಬಿಣ ಅತಿಯಾದರೆ ಅದು ಬಾಗದೆ ಒಮ್ಮೆಲೇ ಒಡೆಯುತ್ತದೆ, ಪುಸ್ತಕದಲ್ಲೇ ಇದೆ” ಎಂದು ಧೈರ್ಯ ಮಾಡಿ ಹೇಳಿದನಂತೆ. ಕಾಕಾ ಒಪ್ಪಿದರು. “ಖರೇ ಅದ. ಹಂಗಾರ ಬೀಮಿನ ಆಳಾನೂ ಹೆಚ್ಚಿಗಿ ಮಾಡು.”

ಕಾಕಾ ಧಾರವಾಡದವರು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ ಅರವತ್ತರ ದಶಕದಲ್ಲಿ ಮುಂಬೈಗೆ ಬಂದರು. 1956ರವರೆಗೆ ಧಾರವಾಡವೂ ಮುಂಬೈ ರಾಜ್ಯದಲ್ಲೇ ಇದ್ದುದರಿಂದ, ತಾವು ಊರು ಬಿಟ್ಟು ಬಂದವರೆಂದು ಅವರಿಗೆ ಯಾವತ್ತೂ ಅನ್ನಿಸಲಿಲ್ಲ. ರಾಜ್ಯವೇ ತಮ್ಮನ್ನು ಬಿಟ್ಟು ಹೋಯಿತೆಂದು ತಿಳಿದಿದ್ದರು. ಗೋಡೆಯ ಮೇಲೆ ರಾಯರ ಫೋಟೋದ ಪಕ್ಕಕ್ಕೆ ಪೇಟದ ವಿಶ್ವೇಶ್ವರಯ್ಯನವರ ಫೋಟೋ. ಮೈಸೂರು ಕಡೆಯ ನೆಂಟರು ಯಾರಾದರೂ “ನಮ್ಮ ವಿಶ್ವೇಶ್ವರಯ್ಯನವರು” ಅಂದರೆ ಕಾಕಾ ತಡೆಯುತ್ತಿದ್ದರು. “ಅವ್ರು 1884ರಾಗ ನೌಕರಿಗೆ ಸೇರಿದ್ದು ಮುಂಬೈ ಪ್ರಾಂತದ ಪಿಡಬ್ಲ್ಯುಡಿಗೆ. ಮೊದಲ ನಮ್ಮವ್ರು, ಆಮ್ಯಾಲೆ ನಿಮ್ಮವ್ರು.”

ಈ ಭಕ್ತಿಯ ಬೆಲೆ ತೆತ್ತವರು ಕಾಕು. ಹೊಸದಾಗಿ ಮದುವೆಯಾದವರೆಲ್ಲ ಮಹಾಬಳೇಶ್ವರಕ್ಕೆ ಹೋಗಿ ಸ್ಟ್ರಾಬೆರಿ ತಿನ್ನುವ ಕಾಲದಲ್ಲಿ ಕಾಕಾ ಅವರನ್ನು ಪುಣೆಯ ಹತ್ತಿರದ ಖಡಕವಾಸ್ಲಾ ಜಲಾಶಯಕ್ಕೆ ಕರೆದೊಯ್ದರು. 1903ರಲ್ಲಿ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳನ್ನು ಮೊದಲು ಕೂಡಿಸಿದ್ದು ಅಲ್ಲಿ. ನೀರು ಗೊತ್ತಾದ ಮಟ್ಟಕ್ಕೆ ಬರುವವರೆಗೆ ಗೇಟು ತಡೆದಿಡುತ್ತದೆ, ಮೀರಿದರೆ ತಾನೇ ತೆರೆದುಕೊಳ್ಳುತ್ತದೆ, ಯಾರೂ ಮುಟ್ಟಬೇಕಿಲ್ಲ. ಹೊಸ ಹೆಂಡತಿಗೆ ಕಾಕಾ ಇದನ್ನೆಲ್ಲ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ತಿಳಿಸಿದರಂತೆ. ಕಾಕು ಪಾಠವನ್ನು ಚೆನ್ನಾಗಿ ಕಲಿತರು. ಮುಂದೆ ಸಂಸಾರದಲ್ಲಿ ತಿಂಗಳುಗಟ್ಟಲೆ ಏನೂ ಅನ್ನದೆ ಇದ್ದು, ಮಟ್ಟ ಮೀರಿದ ದಿನ ಯಾರೂ ಮುಟ್ಟದೆಯೇ ಗೇಟು ತೆರೆಯುತ್ತಿದ್ದರು. ಕೆಳಗಿನ ಊರುಗಳಿಗೆ, ಅಂದರೆ ನನಗೆ ಮತ್ತು ಕಾಕಾನ ಮಗಳಿಗೆ, ಮುನ್ಸೂಚನೆ ಕೊಡುವ ವ್ಯವಸ್ಥೆ ಮಾತ್ರ ಇರಲಿಲ್ಲ.

ಮನೆ ಇದ್ದದ್ದು ವಡಾಲ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಒಂದು ಹೌಸಿಂಗ್ ಸೊಸೈಟಿಯ ಎರಡನೇ ಮಾಳಿಗೆಯಲ್ಲಿ. ಗಚ್ಚಿಗೆ ಹತ್ತಿದರೆ ಆಗಿನ ಕಾಲಕ್ಕೆ ಪೂರ್ವದಲ್ಲಿ ಉಪ್ಪಿನ ಗದ್ದೆಗಳು ಕಾಣುತ್ತಿದ್ದವು. ಬೇರೆಯವರಿಗೆ ಅದು ಗಾಳಿ ಬರುವ ದಿಕ್ಕು; ಕಾಕಾನಿಗೆ ವೈರಿ ಬರುವ ದಿಕ್ಕು. ಉಪ್ಪಿನ ಅಂಶ ಕಾಂಕ್ರೀಟಿನೊಳಗೆ ಇಳಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಜಾಗವಿಲ್ಲದೆ ಮೇಲಿನ ಹೊದಿಕೆಯನ್ನು ಒಡೆದು ಹೊರಬರುತ್ತದೆ. ಆದ್ದರಿಂದ ಸಳಿಯ ಮೇಲೆ ಸಾಕಷ್ಟು ದಪ್ಪ ಕಾಂಕ್ರೀಟಿನ ಕವರ್ ಬೇಕು. ಈ ಸಿದ್ಧಾಂತದ ಪ್ರಕಾರ ಕಾಕಾನ ಮಗಳು ಜೂನ್ ತಿಂಗಳಲ್ಲಿ ಕನ್ನಡ ಶಾಲೆಗೆ ಹೋಗುವಾಗ ರೇನ್‌ಕೋಟು, ಅದರ ಮೇಲೆ ಕೊಡೆ, ಪಾಟೀಚೀಲಕ್ಕೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನೊಳಗೆ ಇನ್ನೊಂದು ಪ್ಲಾಸ್ಟಿಕ್ಕು ಧರಿಸಿ ಹೊರಡುತ್ತಿದ್ದಳು. ಒಮ್ಮೆ ಗೆಳತಿಯರು ಬಾಗಿಲಲ್ಲಿ ಕರೆದಾಗ ಅವಳಿಗೆ ಕೇಳಿಸಲೇ ಇಲ್ಲ. ಕಿವಿಗೂ ಕವರ್ ಇತ್ತು.

ಕೋಡಿನ ಪ್ರಕಾರ ಲೋಡನ್ನು ಒಂದೂವರೆ ಪಟ್ಟು ಹಿಡಿಯಬೇಕು. ಹಾಗಾಗಿ ಹಬ್ಬಕ್ಕೆ ಇಪ್ಪತ್ತು ಮಂದಿ ಬರುವರೆಂದರೆ ಮೂವತ್ತು ಮಂದಿಗೆ ಅಡಿಗೆ. ದಾದರಿನಲ್ಲಿ ರಾತ್ರಿ ಗಾಡಿಯಿದ್ದರೆ ಮಧ್ಯಾಹ್ನವೇ ಪ್ಲಾಟ್‌ಫಾರ್ಮು. ಕಾಕು ಹೇಳುತ್ತಿದ್ದರು: “ನಾವು ಎಂದೂ ಗಾಡಿ ತಪ್ಪಿಸಿಕೊಂಡಿಲ್ಲ. ನಮ್ಮ ಗಾಡಿಗಿಂತ ಮೊದಲಿನ ನಾಕು ಗಾಡಿ ಬಿಟ್ಟೇವಿ.”

ಮಾಟುಂಗಾದ ಕರ್ನಾಟಕ ಸಂಘದಲ್ಲಿ ವಿಶ್ವೇಶ್ವರಯ್ಯ ಸ್ಮಾರಕ ಮಂದಿರವಿತ್ತು. ಅಲ್ಲಿ ಕನ್ನಡ ನಾಟಕವಾದರೆ ಕಾಕಾ ತಪ್ಪದೆ ಕುಟುಂಬ ಸಮೇತ ಹಾಜರು. ನಾಯಕಿ ಅಳುವ ಹೊತ್ತಿಗೆ ಸಭೆಯೆಲ್ಲ ರಂಗದ ಕಡೆ ನೋಡುತ್ತಿದ್ದರೆ ಕಾಕಾ ಛಾವಣಿಯ ಕಡೆ ನೋಡುತ್ತಿದ್ದರು. ನಾಟಕ ಹೇಗಿತ್ತೆಂದು ಕೇಳಿದರೆ, “ನಡುವ ಒಂದೂ ಕಂಬಿಲ್ಲ ನೋಡು, ಸ್ಪ್ಯಾನ್ ಛಲೋ ಅದ” ಅನ್ನುತ್ತಿದ್ದರು. ಆಷಾಢ ಏಕಾದಶಿಗೆ ವಡಾಲದ ವಿಠ್ಠಲ ಮಂದಿರದ ಮುಂದೆ ಮೈಲುದ್ದ ಸಾಲು ನಿಲ್ಲುತ್ತದೆ. ಆ ಸಾಲಿನಲ್ಲೂ ಕಾಕಾ ಬಿದಿರಿನ ಕಟಾಂಜನವನ್ನು ಒಂದೊಂದಾಗಿ ಅಲುಗಿಸಿ ನೋಡುತ್ತ ಮುಂದೆ ಸರಿಯುತ್ತಿದ್ದರು. ಸ್ವಯಂಸೇವಕರು ಮೊದಲು ಗದರಿದರು. ಮರುವರ್ಷದಿಂದ ಹಿಂದಿನ ದಿನವೇ ಕರೆಸಿ ಅಲುಗಿಸಲು ಹೇಳಿದರು.

ಮಗಳು ತಾನೇ ಒಬ್ಬ ಹುಡುಗನನ್ನು ಮೆಚ್ಚಿದಾಗ ಕಾಕಾ ಬೇಡವೆನ್ನಲಿಲ್ಲ, ಟೆಸ್ಟ್ ಮಾಡಬೇಕೆಂದರು. ಕಾಂಕ್ರೀಟ್ ಸುರಿದ ದಿನ ಅದರದೇ ಹದಿನೈದು ಸೆಂಟಿಮೀಟರಿನ ಚೌಕದ ಗಟ್ಟಿಗಳನ್ನು ಮಾಡಿಟ್ಟು, ನೀರಲ್ಲಿ ನೆನೆಸಿ, ಏಳನೇ ದಿನ ಕೆಲವನ್ನು, ಇಪ್ಪತ್ತೆಂಟನೇ ದಿನ ಕೆಲವನ್ನು ಯಂತ್ರದಲ್ಲಿಟ್ಟು ಒತ್ತಿ ಒಡೆಯುತ್ತಾರೆ. ಏಳನೇ ದಿನಕ್ಕೆ ಸುಮಾರು ಮೂರನೇ ಎರಡು ಪಾಲು ಬಲ ಬಂದಿರಬೇಕು, ಇಪ್ಪತ್ತೆಂಟಕ್ಕೆ ಪೂರ್ತಿ. ಹುಡುಗನನ್ನೂ ಏಳನೇ ದಿನ ಒಮ್ಮೆ, ಇಪ್ಪತ್ತೆಂಟನೇ ದಿನ ಒಮ್ಮೆ ಫೈವ್ ಗಾರ್ಡನ್ಸಿಗೆ ಕರೆದೊಯ್ದು ಐದೂ ತೋಟ ಸುತ್ತಿಸಿದರು. ಎರಡನೇ ಸಲ ಅವನು ದಸರಾ ಕಳೆದ ಮೇಲೂ ಚೀಲದಲ್ಲಿ ಕೊಡೆ ಇಟ್ಟುಕೊಂಡು ಬಂದಿದ್ದ. ಮನೆಗೆ ಬಂದ ಕಾಕಾ ಚಪ್ಪಲಿ ಬಿಡುವ ಮೊದಲೇ ಕಾಕುಗೆ ಹೇಳಿದರು: “ಮಾಡಿಬಿಡೂಣು. ಹುಡುಗನ ಹತ್ರ ಫ್ಯಾಕ್ಟರ್ ಆಫ್ ಸೇಫ್ಟಿ ಅದ.” ಕೊಡೆ ಇಟ್ಟುಕೊಂಡು ಹೋಗೆಂದು ಹುಡುಗನಿಗೆ ಹೇಳಿಕೊಟ್ಟವಳು ಯಾರೆಂಬುದನ್ನು ನಾವ್ಯಾರೂ ಬಾಯಿ ಬಿಡಲಿಲ್ಲ.

ಇಷ್ಟೆಲ್ಲ ಲೆಕ್ಕದ ಮನುಷ್ಯ ಮನೆಗೆ ಬರುವವರ ಲೆಕ್ಕ ಮಾತ್ರ ಇಡಲಿಲ್ಲ. ಆಗ ಧಾರವಾಡದ ಗಾಡಿಯಿಂದ ಮಿರಜಿನಲ್ಲಿ ದೊಡ್ಡ ಗೇಜಿನ ಗಾಡಿಗೆ ಬದಲಿಸಿ ಮುಂಬೈಗೆ ಬರಬೇಕಿತ್ತು. ಹಾಗೆ ಬದಲಿಸಿ ಬಂದವರೆಲ್ಲ, ಸಂದರ್ಶನಕ್ಕೋ ಆಪರೇಶನ್ನಿಗೋ ಬರೀ ಸಮುದ್ರ ನೋಡಲಿಕ್ಕೋ, ಇಳಿಯುತ್ತಿದ್ದುದು ಕಾಕಾನ ಮನೆಯಲ್ಲಿ. ನೌಕರಿ ಹುಡುಕಿಕೊಂಡು ನಾನೂ ಹಾಗೆಯೇ ಬಂದೆ. ಮೊದಲ ರಾತ್ರಿ ಹಾಸಿಗೆ ಹಾಸಲು ಜಾಗ ಸಾಲದೆ ನಾನು ಸಂಕೋಚಪಟ್ಟು ನಿಂತಾಗ ಕಾಕಾ ಕಾಗದ ತೆಗೆದರು. ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಲೈವ್ ಲೋಡ್. ಹತ್ತು ಬೈ ಹನ್ನೆರಡು ಅಡಿಯ ಖೋಲಿ ಅಂದರೆ ಹನ್ನೊಂದು ಚದರ ಮೀಟರಿಗಿಂತ ತುಸು ಹೆಚ್ಚು. ಮನುಷ್ಯನಿಗೆ 65 ಕಿಲೋ ಹಿಡಿ. “ಈ ಖೋಲಿಯೊಳಗ 34 ಮಂದಿ ನಿಂತ್ರೂ ಸ್ಲ್ಯಾಬ್ ಏನೂ ಅನ್ನೂದಿಲ್ಲ. ನಿಮ್ಮ ಕಾಕು ಏನಂತಾಳ ಅನ್ನೋದು ಮಾತ್ರ ಕೋಡಿನ್ಯಾಗ ಬರದಿಲ್ಲ.”

ಈ ಲೆಕ್ಕದ ಪರೀಕ್ಷೆಯಾದದ್ದು 2005ರ ಜುಲೈ 26ರಂದು. ಆ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಊರಿನ ಕೊಲಾಬಾದಲ್ಲಿ ನೂರು ಕೂಡ ಆಗಲಿಲ್ಲ. ಫೋರ್ಟಿನ ಆಫೀಸುಗಳಲ್ಲಿ ಕೂತಿದ್ದ ನಮಗೆ ಗಾಡಿ ನಿಂತಾಗಲೇ ಸಂಗತಿ ಗೊತ್ತಾದದ್ದು. ಹಳಿಯ ಮೇಲೆ, ರಸ್ತೆಯ ಮೇಲೆ ನಡೆದು ನಡೆದು ವಡಾಲ ಮುಟ್ಟಿದಾಗ ನನ್ನ ಹಿಂದೆ ಆಫೀಸಿನವರು, ಅವರ ಹಿಂದೆ ಅವರ ಪರಿಚಯದವರು, ಅವರ ಹಿಂದೆ ಯಾರ ಪರಿಚಯವೂ ಇಲ್ಲದ ಒಬ್ಬ ವಿಮಾ ಏಜೆಂಟ. ಕಾಕಾ ಮೆಟ್ಟಿಲ ಮೇಲೆ ಕಂದೀಲು ಕಟ್ಟಿ ಕಾಯುತ್ತಿದ್ದರು. ಇಷ್ಟು ವರ್ಷ ಮನೆಯವರೆಲ್ಲ ನಕ್ಕಿದ್ದ ಸಾಮಾನುಗಳು, ಅಂದರೆ ಸೀಮೆಎಣ್ಣೆ, ಮೇಣಬತ್ತಿಯ ಕಟ್ಟು, ಒಣಗಿದ ಟವೆಲ್ಲುಗಳ ಗಂಟು, ಒಂದೂವರೆ ಪಟ್ಟು ಅಕ್ಕಿ, ಆ ರಾತ್ರಿ ಹೊರಬಂದವು. ಕಾಕು ಹುಗ್ಗಿ ಮಾಡಿದರು. ಎಲ್ಲರೂ ಉಂಡು ಒರಗಿದ ಮೇಲೆ ಕಾಕಾ ಬಾಗಿಲಲ್ಲಿ ನಿಂತು ತಲೆ ಎಣಿಸಿ ಸಂತೋಷದಿಂದ ಘೋಷಿಸಿದರು: “ಹದಿನೆಂಟು. ಇನ್ನ ಹದಿನಾರು ಮಂದಿಗೆ ಜಾಗಾ ಅದ.”

ಒಳಗಿನಿಂದ ಉತ್ತರ ಬಂತು: “ಸ್ಲ್ಯಾಬಿನ್ಯಾಗ ಇರಬಹುದು. ಪಾತೇಲ್ಯಾಗ ಇಲ್ಲ.”

ಗುಣವಾದ ರೋಗಿ ಡಾಕ್ಟರಿಗೆ ಹಣ್ಣು ಕೊಡುತ್ತಾನೆ, ಪಾಸಾದ ಹುಡುಗ ಮಾಸ್ತರರಿಗೆ ಪೇಡೆ ಕೊಡುತ್ತಾನೆ. ಇವತ್ತೂ ಸ್ಲ್ಯಾಬು ಬೀಳಲಿಲ್ಲವೆಂದು ಎಂಜಿನಿಯರನ ಮನೆಗೆ ಸಿಹಿ ಒಯ್ದವರನ್ನು ನಾನು ಕಂಡಿಲ್ಲ. ಅವನ ಹೆಸರು ಪೇಪರಿನಲ್ಲಿ ಬರಬೇಕಾದರೆ ಏನಾದರೂ ಬೀಳಲೇಬೇಕು. ಸಂಸಾರಸ್ಥನ ಗತಿಯೂ ಅಷ್ಟೇ. ಫೀಸು ಕಟ್ಟುವ ಕೊನೆಯ ದಿನ ತಪ್ಪಲಿಲ್ಲ, ಗ್ಯಾಸ್ ಮುಗಿಯಲಿಲ್ಲ, ಮಗಳು ನೆನೆಯಲಿಲ್ಲ, ಊರಿಂದ ಬಂದ ಅಣ್ಣನ ಮಗ ಫುಟ್‌ಪಾತಿನ ಮೇಲೆ ಮಲಗಲಿಲ್ಲ. ಏನೂ ಆಗಲಿಲ್ಲ ಎಂಬುದರ ಹಿಂದೆ ಒಬ್ಬ ಮನುಷ್ಯ ಇಡೀ ಆಯುಷ್ಯ ಓಡಾಡಿರುತ್ತಾನೆ. ನಾವು ಅವನನ್ನು ಗಾಡಿಗೆ ಬೇಗ ಹೊರಡಿಸುತ್ತಾನೆಂದು ಬೈಯುತ್ತಿರುತ್ತೇವೆ.

2014ರ ಫೆಬ್ರುವರಿಯಲ್ಲಿ ವಡಾಲದಿಂದ ಚೆಂಬೂರಿಗೆ ಮೋನೋರೈಲು ಶುರುವಾಯಿತು. ಮೊಮ್ಮಗ ಮೊದಲನೇ ದಿನವೇ ಹೋಗೋಣವೆಂದು ಹಟ ಹಿಡಿದ. ಎಪ್ಪತ್ತು ದಾಟಿದ್ದ ಕಾಕಾ ಸಮಾಧಾನದಿಂದ ಹೇಳಿದರು, “ಗಡಿಬಿಡಿ ಬ್ಯಾಡ. ಮೊದಲ ಊರ ಮಂದಿ ಲೋಡ್ ಟೆಸ್ಟ್ ಮಾಡ್ಲಿ.” ಜನಸಂದಣಿ ಕರಗಿದ ಮೇಲೆ ಒಂದು ದಿನ ಇಬ್ಬರೂ ಹೋದರು. ಹುಡುಗ ಕಿಟಕಿಯಿಂದ ಮೇಲಿನ ಆಕಾಶ ನೋಡಿದ, ಅಜ್ಜ ಕೆಳಗಿನ ಕಂಬ ನೋಡಿದರು, ಇಬ್ಬರೂ ಖುಷಿಯಾಗಿ ತಿರುಗಿ ಬಂದರು.

ಕಾಕಾ ತೀರಿಕೊಂಡ ಕೆಲವು ವರ್ಷಕ್ಕೆ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಯಿತು. ಮುಂಬೈಯಲ್ಲಿ ಕಟ್ಟಡಕ್ಕೆ ವಯಸ್ಸಾಗುವ ಮೊದಲೇ ಜಾಗಕ್ಕೆ ಬೆಲೆ ಬರುತ್ತದೆ. ಕೆಡವುವ ದಿನ ಕಾಕು ನೋಡಬೇಕೆಂದರು; ಕರೆದುಕೊಂಡು ಹೋದೆ. ಗೋಡೆಗಳು ಸಲೀಸಾಗಿ ಬಿದ್ದವು. ಅಡಿಗೆಮನೆಯ ಮೇಲಿನ ಮಾಳಾದ ಹತ್ತಿರ ಕೆಲಸ ನಿಂತಿತು. ಫ್ಲ್ಯಾಟ್ ಕಟ್ಟುವಾಗಲೇ ಕಂಟ್ರಾಕ್ಟರನನ್ನು ಕಾಡಿ ಕಾಕಾ ತಮ್ಮದೇ ನಕ್ಷೆಯ ಪ್ರಕಾರ ಹಾಕಿಸಿದ ಮಾಳಾ ಅದು. ಅದರ ಮೇಲೆ ಆನೆ ಮಲಗಬಹುದಿತ್ತು. ಮಲಗಿದ್ದದ್ದು ಹಪ್ಪಳದ ಡಬ್ಬಿ ಮತ್ತು ದೀಪಾವಳಿಯ ಆಕಾಶಬುಟ್ಟಿ. ಬ್ರೇಕರ್ ಹಿಡಿದವನು ಮೂರು ಸಲ ಬೆವರು ಒರೆಸಿದ. ಕಾಂಕ್ರೀಟು ಸಿಡಿದಂತೆ ಒಳಗಿಂದ ಸಳಿ, ಅದರ ಹಿಂದೆ ಸಳಿ, ಅಡ್ಡಕ್ಕೆ ಸಳಿ. ಮುಕಾದಮ ಸಿಟ್ಟಿಗೆದ್ದು ಕೂಗಿದ: “ಕಿಸ್ ಪಾಗಲ್ ನೇ ಇತನಾ ಸರಿಯಾ ಡಾಲಾ ಹೈ?”

ಇದೇ ಪ್ರಶ್ನೆಯನ್ನು ಇಡೀ ಸಂಸಾರದುದ್ದಕ್ಕೂ ಕನ್ನಡದಲ್ಲಿ ಕೇಳುತ್ತ ಬಂದಿದ್ದ ಕಾಕು ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಹೋದರು. “ಹಮಾರಾ ಮಿಸ್ಟರ್ ಡಾಲಾ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು:

“ಅಷ್ಟು ಕಬ್ಬಿಣ ಅದ ಅಂದ್ರ, ಭಂಗಾರ್‌ವಾಲಾ ತೂಕಾ ಮಾಡಿ ಎಷ್ಟು ಕೊಡ್ತಾನ ಕೇಳು. ನಮ್ಮ ರೊಕ್ಕದ್ದು ಅದು.”